ಮತಪತ್ರ ಬಂದ ಮನೆಗೆ ಔಷಧವೂ ಬರಲಿ

ಕರ್ನಾಟಕದಲ್ಲಿ 2023ರ ಮೇ 10ರಂದು ನಡೆದ ವಿಧಾನಸಭಾ ಚುನಾವಣೆಯಲ್ಲಿ 80 ವರ್ಷ ದಾಟಿದ ಮತದಾರರಿಗೆ ಮನೆಯಿಂದಲೇ ಮತ ಚಲಾಯಿಸುವ ಅವಕಾಶವನ್ನು ಚುನಾವಣಾ ಆಯೋಗ ಕಲ್ಪಿಸಿತು. ರಾಜ್ಯದಲ್ಲಿ ಆ ವಯಸ್ಸಿನ ಮತದಾರರ ಸಂಖ್ಯೆ ಆಗ ಸುಮಾರು 12 ಲಕ್ಷ. ಬಯಸಿದವರ ಮನೆಗೆ ಮತಗಟ್ಟೆ ಮಟ್ಟದ ಅಧಿಕಾರಿ ಹೋಗಿ 12-ಡಿ ನಮೂನೆಯನ್ನು ತುಂಬಿಸಿಕೊಂಡರು. ಬಳಿಕ ಗೊತ್ತುಪಡಿಸಿದ ದಿನ ಚುನಾವಣಾ ಸಿಬ್ಬಂದಿ, ಪೊಲೀಸರು, ವಿಡಿಯೊ ಚಿತ್ರೀಕರಿಸುವವರು ಒಟ್ಟಾಗಿ ಅದೇ ಮನೆಯ ಬಾಗಿಲಿಗೆ ಬಂದರು. ಮತದ ಗೋಪ್ಯತೆಗೆ ಧಕ್ಕೆಯಾಗದಂತೆ ಮರೆ ನಿಲ್ಲಿಸಿ, ಹಾಸಿಗೆ ಹಿಡಿದವರಿಂದಲೂ ಮತ ಪಡೆದು ಹೋದರು. 2024ರ ಲೋಕಸಭಾ ಚುನಾವಣೆಯಲ್ಲಿ ವಯೋಮಿತಿಯನ್ನು 85ಕ್ಕೆ ಏರಿಸಲಾಯಿತಾದರೂ ಪದ್ಧತಿ ಮುಂದುವರಿಯಿತು. ಪ್ರಜೆಯ ಕಾಲಿನಲ್ಲಿ ಶಕ್ತಿ ಉಡುಗಿದರೆ ಪ್ರಭುತ್ವವೇ ಅವನ ಬಳಿಗೆ ನಡೆದು ಹೋಗಬೇಕೆಂಬ ತತ್ವವನ್ನು ನಮ್ಮ ಆಡಳಿತ ಹೀಗೆ ಒಪ್ಪಿಕೊಂಡಿದೆ. ಅಷ್ಟೇ ಅಲ್ಲ, ಅದು ಸಾಧ್ಯವೆಂದು ಮಾಡಿಯೂ ತೋರಿಸಿದೆ.

ಈ ತತ್ವ ಮತಕ್ಕೆ ಅನ್ವಯವಾಗುವುದಾದರೆ ಔಷಧಕ್ಕೆ ಏಕೆ ಅನ್ವಯವಾಗಬಾರದು? ಐದು ವರ್ಷಕ್ಕೊಮ್ಮೆ ಮನೆಯನ್ನು ಹುಡುಕಿಕೊಂಡು ಬರುವ ವ್ಯವಸ್ಥೆ ತಿಂಗಳಿಗೊಮ್ಮೆ ಬರಲು ಏಕೆ ಹಿಂಜರಿಯಬೇಕು? ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳ ವಯೋವೃದ್ಧರಿಗೆ ಹಲವು ವರ್ಷಗಳಿಂದ ಅರ್ಜಿ ಬರೆದುಕೊಡುತ್ತ ಬಂದಿರುವ ನನಗೆ ಈ ಪ್ರಶ್ನೆಗಳು ಮತ್ತೆ ಮತ್ತೆ ಎದುರಾಗಿವೆ. ಇವು ಕೇವಲ ಅನುಕಂಪದ ಪ್ರಶ್ನೆಗಳಲ್ಲ. ಇವುಗಳಿಗೆ ಉತ್ತರ ಸಿಗಬೇಕಾದುದು ಕಾನೂನಿನಲ್ಲಿ; ಕಾನೂನನ್ನು ಅಲುಗಾಡಿಸಬಲ್ಲ ಶಕ್ತಿಯಿರುವುದು ಮತದಲ್ಲಿ.

ಆ ಅರ್ಜಿಗಳಲ್ಲಿ ಏನಿರುತ್ತದೆ ಎಂಬುದನ್ನು ಇಲ್ಲಿ ಹೇಳುವುದು ಅಗತ್ಯ. ಮಗ ಅನ್ನ ಹಾಕುತ್ತಿಲ್ಲ, ಸೊಸೆ ಮನೆಯಿಂದ ಹೊರಹಾಕಿದಳು ಎಂಬ ದೂರುಗಳು ಇಲ್ಲವೆಂದಲ್ಲ. ಆದರೆ ಅವು ವಿರಳ. ಬಹುಪಾಲು ಅರ್ಜಿಗಳು ನಿಂತುಹೋದ ಮಾಸಾಶನ, ಆಧಾರ್ ಕಾರ್ಡಿನಲ್ಲಿ ತಪ್ಪಾಗಿ ನಮೂದಾದ ವಯಸ್ಸು, ಕಣ್ಣಿನ ಪೊರೆ, ರಕ್ತದೊತ್ತಡ ಹಾಗೂ ಸಕ್ಕರೆ ಕಾಯಿಲೆಯ ಗುಳಿಗೆಗಳಿಗೆ ಸಂಬಂಧಿಸಿದವು. ‘ಮುಂದಿನ ವಾರ ಬನ್ನಿ’ ಎಂಬ ಮಾತು ಕೇಳಿ ಹಿಂದಿರುಗಿದವರ ಅರ್ಜಿಗಳು ಅವು. ಮುಂದಿನ ವಾರ ಬರುವುದು ಯುವಕನಿಗೆ ಅರ್ಧ ದಿನದ ಕೆಲಸ. ಸುರಪುರ ತಾಲ್ಲೂಕಿನ ತಾಂಡಾವೊಂದರಲ್ಲಿರುವ, ಮೊಣಕಾಲು ಸವೆದ ಅಜ್ಜಿಗೆ ಅದು ದೊಡ್ಡ ಪ್ರಯಾಣ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಆಕೆಗೆ ಬಸ್ಸಿನ ಟಿಕೆಟು ಉಚಿತವಾಯಿತು, ನಿಜ. ಆದರೆ ಬಸ್ ನಿಲ್ಲುವ ಜಾಗದವರೆಗೆ ಆಕೆಯನ್ನು ಕೈಹಿಡಿದು ಕರೆದೊಯ್ಯುವವರು ಯಾರು?

ಕರೆದೊಯ್ಯಬೇಕಾದ ಮಗ ಊರಿನಲ್ಲಿಲ್ಲ. ನಮ್ಮ ಜಿಲ್ಲೆಯ ಸಾವಿರಾರು ಕುಟುಂಬಗಳ ದುಡಿಯುವ ಕೈಗಳು ಬೆಂಗಳೂರು, ಮುಂಬಯಿ, ಪುಣೆ, ಹೈದರಾಬಾದುಗಳ ಕಟ್ಟಡ ಕಾಮಗಾರಿಗಳಲ್ಲಿವೆ. ಕೃಷ್ಣಾ ಮತ್ತು ಭೀಮಾ ಎಂಬ ಎರಡು ನದಿಗಳು ಹರಿದರೂ ಗುಳೆ ನಿಂತಿಲ್ಲ. ಊರಲ್ಲಿ ಉಳಿಯುವವರು ಮುದುಕರು ಮತ್ತು ಮಕ್ಕಳು. ಅಜ್ಜಿ ಮೊಮ್ಮಗನನ್ನು ನೋಡಿಕೊಳ್ಳುತ್ತಾಳೆ. ಮೊಮ್ಮಗ ಶಾಲೆ ಬಿಟ್ಟು ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ಯುತ್ತಾನೆ. 2011ರ ಜನಗಣತಿಯ ಪ್ರಕಾರ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ 51.83, ಇದು ರಾಜ್ಯದಲ್ಲಿಯೇ ಅತ್ಯಂತ ಕಡಿಮೆ. ಮಾತ್ರೆಯ ಚೀಟಿ ಓದಲು, ಕಚೇರಿಯ ನಮೂನೆ ತುಂಬಲು ಅಕ್ಷರ ಬಲ್ಲವರ ನೆರವು ಬೇಕಾದ ಹಿರಿಯರ ಪ್ರಮಾಣ ಇಲ್ಲಿ ಎಷ್ಟಿರಬಹುದೆಂದು ಓದುಗರೇ ಊಹಿಸಬಹುದು.

ಈ ಹಿರಿಯರಿಗಾಗಿ ಕಾನೂನು ಇಲ್ಲವೇ? ಇದೆ. ಸಂಸತ್ತು 2007ರ ಡಿಸೆಂಬರ್‌ನಲ್ಲಿ ಅಂಗೀಕರಿಸಿದ ‘ತಂದೆ-ತಾಯಿಯರ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆ’ ಕರ್ನಾಟಕದಲ್ಲಿ 2008ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ವಿದ್ಯಾವಂತ ಓದುಗರಿಗೆ ಈ ಕಾಯ್ದೆಯ ಎರಡು ಸಂಗತಿಗಳು ಚೆನ್ನಾಗಿ ಗೊತ್ತು. ಮೊದಲನೆಯದು, ಪೋಷಿಸದ ಮಕ್ಕಳಿಂದ ತಿಂಗಳಿಗೆ 10 ಸಾವಿರ ರೂಪಾಯಿವರೆಗೆ ಜೀವನಾಂಶ ಕೊಡಿಸುವ ಅಧಿಕಾರ ನ್ಯಾಯಮಂಡಳಿಗೆ ಇದೆ. ಎರಡನೆಯದು, ನೋಡಿಕೊಳ್ಳುವ ಷರತ್ತಿನ ಮೇಲೆ ಆಸ್ತಿ ಪಡೆದು ಕೈಬಿಟ್ಟರೆ 23ನೇ ಕಲಮಿನ ಅಡಿಯಲ್ಲಿ ಆ ವರ್ಗಾವಣೆಯನ್ನು ರದ್ದುಪಡಿಸಬಹುದು. ಪತ್ರಿಕೆಗಳಲ್ಲಿ ಬರುವ ಸುದ್ದಿಗಳೂ ಬಹುತೇಕ ಇವುಗಳ ಬಗೆಗೇ ಇರುತ್ತವೆ. 2025ರ ಮಾರ್ಚ್‌ನಲ್ಲಿ ಬೆಳಗಾವಿಯ ಸರ್ಕಾರಿ ವೈದ್ಯಕೀಯ ಸಂಸ್ಥೆಯ ಆಸ್ಪತ್ರೆಯಲ್ಲಿ ವೃದ್ಧರನ್ನು ಬಿಟ್ಟುಹೋದ ಪ್ರಕರಣಗಳು ಬೆಳಕಿಗೆ ಬಂದಾಗ ವೈದ್ಯಕೀಯ ಶಿಕ್ಷಣ ಸಚಿವ ಶರಣಪ್ರಕಾಶ ಪಾಟೀಲ ಅವರು ಅಂಥ ಮಕ್ಕಳಿಗೆ ಆದ ಆಸ್ತಿ ವರ್ಗಾವಣೆಯನ್ನು ರದ್ದುಪಡಿಸಲು ಕ್ರಮ ಕೈಗೊಳ್ಳುವಂತೆ ಸೂಚಿಸಿದರು. ಸೂಚನೆ ಸ್ವಾಗತಾರ್ಹವೇ ಸರಿ.

ಆದರೆ ಆಸ್ತಿಯೇ ಇಲ್ಲದವರ ಗತಿಯೇನು? ಬೆಂಗಳೂರಿನ ತಗಡಿನ ಶೆಡ್ಡಿನಲ್ಲಿ ಬದುಕುವ, ದಿನಗೂಲಿಯಲ್ಲಿ ಮಕ್ಕಳ ಹೊಟ್ಟೆ ತುಂಬಿಸಲು ಹೆಣಗುವ ಮಗನ ಮೇಲೆ ಜೀವನಾಂಶದ ದಾವೆ ಹೂಡಿ ಯಾವ ತಾಯಿಗೆ ಏನು ದಕ್ಕೀತು? ನಾನು ಬಲ್ಲ ತಾಯಂದಿರಲ್ಲಿ ಹೆಚ್ಚಿನವರು ಅಂಥ ಅರ್ಜಿಗೆ ಹೆಬ್ಬೆಟ್ಟು ಒತ್ತಲು ಒಪ್ಪುವುದಿಲ್ಲ. ಮಗ ಕೆಟ್ಟವನಲ್ಲ, ಅವನ ಕೈ ಖಾಲಿ ಎಂಬುದು ಅವರಿಗೆ ಗೊತ್ತು. ಒಪ್ಪಿದರೂ ನ್ಯಾಯಮಂಡಳಿಯ ಅಧ್ಯಕ್ಷರಾದ ಉಪವಿಭಾಗಾಧಿಕಾರಿಗಳ ಕಚೇರಿ ಇರುವುದು ಯಾದಗಿರಿಯಲ್ಲಿ. ಸುರಪುರದಿಂದ ಅದು ಸುಮಾರು 50 ಕಿಲೊಮೀಟರ್. ಹುಣಸಗಿಯ ಆಚೆಯ ಹಳ್ಳಿಗಳಿಂದ ಇನ್ನೂ ದೂರ. ಮಕ್ಕಳ ಕೃತಘ್ನತೆಯನ್ನು ಶಿಕ್ಷಿಸುವ ಭಾಗವನ್ನಷ್ಟೇ ಕಾಯ್ದೆಯೆಂದು ಭಾವಿಸಿದರೆ ಯಾದಗಿರಿಯಂಥ ಜಿಲ್ಲೆಗೆ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ.

ಅದೇ ಕಾಯ್ದೆಯ ನಾಲ್ಕನೆಯ ಅಧ್ಯಾಯವನ್ನು ಓದಿದವರು ಕಡಿಮೆ. ಅದರಲ್ಲಿರುವುದು ಒಂದೇ ಕಲಂ, 20ನೆಯದು. ಅದು ಮಾತನಾಡುವುದು ಮಕ್ಕಳ ಕರ್ತವ್ಯದ ಬಗ್ಗೆ ಅಲ್ಲ, ಸರ್ಕಾರದ ಕರ್ತವ್ಯದ ಬಗ್ಗೆ. ಸರ್ಕಾರಿ ಮತ್ತು ಸರ್ಕಾರದ ಅನುದಾನ ಪಡೆಯುವ ಆಸ್ಪತ್ರೆಗಳಲ್ಲಿ ಸಾಧ್ಯವಾದ ಮಟ್ಟಿಗೆ ಎಲ್ಲ ಹಿರಿಯ ನಾಗರಿಕರಿಗೂ ಹಾಸಿಗೆ ದೊರೆಯಬೇಕು. ಅವರಿಗೆ ಪ್ರತ್ಯೇಕ ಸಾಲು ಇರಬೇಕು. ದೀರ್ಘಕಾಲದ ಹಾಗೂ ವಾಸಿಯಾಗದ ಕಾಯಿಲೆಗಳ ಚಿಕಿತ್ಸೆಯ ಸೌಲಭ್ಯ ವಿಸ್ತರಿಸಬೇಕು. ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲಿಯೂ ವೃದ್ಧರ ಆರೈಕೆಯಲ್ಲಿ ಅನುಭವವಿರುವ ವೈದ್ಯಾಧಿಕಾರಿಯ ನೇತೃತ್ವದಲ್ಲಿ ಪ್ರತ್ಯೇಕ ವ್ಯವಸ್ಥೆ ಇರಬೇಕು. ಜಿಲ್ಲೆಗೊಂದು ವೃದ್ಧಾಶ್ರಮದ ಬಗ್ಗೆ ಹೇಳುವ 19ನೇ ಕಲಂ ರಾಜ್ಯ ಸರ್ಕಾರ ಅದನ್ನು ‘ಸ್ಥಾಪಿಸಬಹುದು’ ಎನ್ನುತ್ತದೆ. 20ನೇ ಕಲಂ ಮಾತ್ರ ಸರ್ಕಾರ ಇವನ್ನು ‘ಖಚಿತಪಡಿಸತಕ್ಕದ್ದು’ ಎನ್ನುತ್ತದೆ. ಈ ಎರಡು ಕ್ರಿಯಾಪದಗಳ ನಡುವಿನ ವ್ಯತ್ಯಾಸ ಸಣ್ಣದಲ್ಲ: ಒಂದು ಸರ್ಕಾರದ ಇಚ್ಛೆಗೆ ಬಿಟ್ಟದ್ದು, ಇನ್ನೊಂದು ಅದರ ಮೇಲಿನ ಹೊಣೆ. ಕೇಂದ್ರದ ಮಾಜಿ ಕಾನೂನು ಸಚಿವ ಅಶ್ವನಿ ಕುಮಾರ್ ಅವರ ಅರ್ಜಿಯ ಮೇಲೆ 2018ರ ಡಿಸೆಂಬರ್ 13ರಂದು ತೀರ್ಪಿತ್ತ ಸುಪ್ರೀಂ ಕೋರ್ಟ್ ಕೂಡ ವೃದ್ಧರ ಘನತೆ, ಆಶ್ರಯ ಮತ್ತು ಆರೋಗ್ಯವನ್ನು ಹಕ್ಕುಗಳೆಂದು ಗುರುತಿಸಿ, ಜಿಲ್ಲೆವಾರು ಸೌಲಭ್ಯಗಳ ಮಾಹಿತಿ ಸಂಗ್ರಹಿಸುವಂತೆ ನಿರ್ದೇಶಿಸಿತು.

ಹೊಣೆಯನ್ನು ನಿಭಾಯಿಸಲು ಯೋಜನೆಯೂ ಇದೆ. 2010-11ರಲ್ಲಿ ಆರಂಭವಾದ ವೃದ್ಧರ ಆರೋಗ್ಯ ರಕ್ಷಣೆಯ ರಾಷ್ಟ್ರೀಯ ಕಾರ್ಯಕ್ರಮದ ಮಾರ್ಗಸೂಚಿಯಲ್ಲಿ ಜಿಲ್ಲಾ ಆಸ್ಪತ್ರೆಗೆ ಹತ್ತು ಹಾಸಿಗೆಗಳ ವಾರ್ಡು, ಸಮುದಾಯ ಆರೋಗ್ಯ ಕೇಂದ್ರದಲ್ಲಿ ವಾರಕ್ಕೆ ಎರಡು ಬಾರಿ ಹಾಗೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಾರಕ್ಕೊಮ್ಮೆ ಹಿರಿಯರ ತಪಾಸಣೆ, ಹಾಸಿಗೆ ಹಿಡಿದವರಿಗೆ ಮನೆಭೇಟಿ ಎಲ್ಲವನ್ನೂ ಹೇಳಲಾಗಿದೆ. ವಾರದ ಯಾವ ದಿನ ತಮ್ಮ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿರಿಯರ ತಪಾಸಣೆ ನಡೆಯುತ್ತದೆ ಎಂದು ನಾನು ಕೇಳಿದ ವೃದ್ಧರಲ್ಲಿ ಉತ್ತರಿಸಿದವರು ತೀರ ಕಡಿಮೆ. ಯೋಜನೆಯೊಂದು ಇದೆಯೆಂಬುದು ಫಲಾನುಭವಿಗೇ ಗೊತ್ತಿಲ್ಲದಿದ್ದರೆ, ಅದು ನಡೆಯುತ್ತಿದೆಯೇ ಇಲ್ಲವೇ ಎಂದು ಪ್ರಶ್ನಿಸುವವರು ಯಾರು?

ಕಾಯ್ದೆಯನ್ನು ಬಲಪಡಿಸುವ ಯತ್ನ ದೆಹಲಿಯಲ್ಲಿ ನಡೆಯದೇ ಇಲ್ಲ. 2019ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ತಿದ್ದುಪಡಿ ಮಸೂದೆ ಮಂಡನೆಯಾಯಿತು. ಜೀವನಾಂಶದ 10 ಸಾವಿರದ ಮಿತಿಯನ್ನು ತೆಗೆಯುವುದು, ಹಿರಿಯರಿಗೆ ನೀಡಬೇಕಾದ ಸೌಲಭ್ಯಗಳನ್ನು ಖಾಸಗಿ ಆಸ್ಪತ್ರೆಗಳಿಗೂ ವಿಸ್ತರಿಸುವುದು, ನಿತ್ಯದ ಕೆಲಸಗಳನ್ನು ತಾವೇ ಮಾಡಿಕೊಳ್ಳಲಾಗದವರಿಗೆ ಮನೆಯಲ್ಲಿಯೇ ಆರೈಕೆ ಒದಗಿಸುವುದು ಅದರ ಮುಖ್ಯಾಂಶಗಳಾಗಿದ್ದವು. ಮಸೂದೆ ಸ್ಥಾಯಿ ಸಮಿತಿಗೆ ಹೋಯಿತು. ಸಮಿತಿ 2021ರ ಜನವರಿಯಲ್ಲಿ ವರದಿ ಕೊಟ್ಟಿತು. ಆದರೂ ಮಸೂದೆ ಅಂಗೀಕಾರಗೊಳ್ಳಲಿಲ್ಲ. 2024ರ ಜೂನ್‌ನಲ್ಲಿ 17ನೇ ಲೋಕಸಭೆಯ ವಿಸರ್ಜನೆಯೊಂದಿಗೆ ಬಿದ್ದುಹೋಯಿತು. ಹಿರಿಯರ ಮನೆ ಆರೈಕೆಯನ್ನು ಕಾನೂನಿನ ಪರಿಧಿಗೆ ತರಬಹುದಾಗಿದ್ದ ಮಸೂದೆ ಹೀಗೆ ಸದ್ದಿಲ್ಲದೆ ಇಲ್ಲವಾದಾಗ ಪ್ರತಿಭಟಿಸಲು ಬೀದಿಗೆ ಇಳಿದವರಿಲ್ಲ.

ರಾಜ್ಯ ಸರ್ಕಾರ ದೆಹಲಿಯತ್ತ ನೋಡುತ್ತ ಕೂರಬೇಕಾಗಿಲ್ಲ. ಸಾರ್ವಜನಿಕ ಆರೋಗ್ಯ ಮತ್ತು ಆಸ್ಪತ್ರೆಗಳು ಸಂವಿಧಾನದ ಏಳನೇ ಅನುಸೂಚಿಯ ರಾಜ್ಯಪಟ್ಟಿಯಲ್ಲಿವೆ. 2007ರ ಕಾಯ್ದೆಯ 32ನೇ ಕಲಂ ನಿಯಮ ರಚಿಸುವ ಅಧಿಕಾರವನ್ನು ರಾಜ್ಯಕ್ಕೇ ಕೊಟ್ಟಿದೆ. ಪ್ರಾಥಮಿಕ ಆರೋಗ್ಯ ಕೇಂದ್ರ ಮಾಡಬೇಕಾದುದೇನು, ಎಷ್ಟು ದಿನದೊಳಗೆ ಮಾಡಬೇಕು, ಮಾಡದಿದ್ದರೆ ಯಾರು ಉತ್ತರಿಸಬೇಕು ಎಂಬುದನ್ನು ಬೆಂಗಳೂರಿನಲ್ಲಿಯೇ ಬರೆಯಬಹುದು.

ವಿಮೆ ಇದೆಯಲ್ಲ ಎಂದು ಕೇಳುವವರಿದ್ದಾರೆ. ಆಯುಷ್ಮಾನ್ ಭಾರತ್ ಯೋಜನೆಯಡಿ 70 ವರ್ಷ ದಾಟಿದ ಎಲ್ಲರಿಗೂ, ಆದಾಯವನ್ನು ಪರಿಗಣಿಸದೆ, ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಒದಗಿಸುವ ವಿಸ್ತರಣೆಗೆ 2024ರ ಅಕ್ಟೋಬರ್ 29ರಂದು ದೆಹಲಿಯಲ್ಲಿ ಚಾಲನೆ ದೊರೆಯಿತು. ಇಂಥ ವಿಮೆಯ ಮಹತ್ವವನ್ನು ಅಲ್ಲಗಳೆಯಲಾಗದು. ಆದರೆ ವಿಮೆ ತೆರೆದುಕೊಳ್ಳುವುದು ರೋಗಿ ಆಸ್ಪತ್ರೆಯಲ್ಲಿ ದಾಖಲಾದ ಬಳಿಕ. ವೃದ್ಧರ ಆರೋಗ್ಯದ ನಿತ್ಯದ ಖರ್ಚು ಇರುವುದು ದಾಖಲಾತಿಯ ಹೊರಗೆ: ದಿನದ ಗುಳಿಗೆ, ತಿಂಗಳಿಗೊಮ್ಮೆ ರಕ್ತಪರೀಕ್ಷೆ, ಕನ್ನಡಕ, ಶ್ರವಣಯಂತ್ರ, ಊರುಗೋಲು, ಆಟೊ ಬಾಡಿಗೆ. ರಕ್ತದೊತ್ತಡದ ಗುಳಿಗೆ ತಪ್ಪಿದ್ದಕ್ಕೆ ಪಾರ್ಶ್ವವಾಯು ಬಡಿದ ಮೇಲೆ 5 ಲಕ್ಷದ ಕಾರ್ಡು ಕೈಗಿಡುವುದಕ್ಕಿಂತ, ಆ ಗುಳಿಗೆ ತಪ್ಪದಂತೆ ನೋಡಿಕೊಳ್ಳುವುದು ಮಾನವೀಯವೂ ಹೌದು, ಅಗ್ಗವೂ ಹೌದು. ಮಾಸಾಶನದಿಂದ ಇದನ್ನೆಲ್ಲ ಸರಿದೂಗಿಸಬಹುದೆಂದರೆ ಲೆಕ್ಕ ಹೊಂದುವುದಿಲ್ಲ. ರಾಜ್ಯದ ಸಂಧ್ಯಾ ಸುರಕ್ಷಾ ಮಾಸಾಶನ 2021ರಲ್ಲಿ 1,200 ರೂಪಾಯಿಗೆ ಏರಿತು. ಕೇಂದ್ರವು ನಿಗದಿಪಡಿಸಿದ ವೃದ್ಧಾಪ್ಯ ವೇತನದ 200 ರೂಪಾಯಿಯ ಪಾಲು, 80 ವರ್ಷದೊಳಗಿನವರಿಗೆ ಒಂದೂವರೆ ದಶಕ ಕಳೆದರೂ ಏರಲಿಲ್ಲ.

ಔಷಧವನ್ನು ಮನೆಗೆ ತಲುಪಿಸುವುದು ಕನಸಿನ ಮಾತಲ್ಲ. ನೆರೆಯ ತಮಿಳುನಾಡು 2021ರ ಆಗಸ್ಟ್ 5ರಂದು, ನಮ್ಮ ಗಡಿಗೆ ಹೊಂದಿಕೊಂಡ ಕೃಷ್ಣಗಿರಿ ಜಿಲ್ಲೆಯಲ್ಲಿ, ಜನರ ಮನೆಬಾಗಿಲಿಗೆ ವೈದ್ಯಸೇವೆ ಒಯ್ಯುವ ಯೋಜನೆಗೆ ಚಾಲನೆ ಕೊಟ್ಟಿತು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರಿಗೆ ಮಾತ್ರೆ, ನಡೆಯಲಾಗದವರಿಗೆ ಅಂಗಮರ್ದನ ಚಿಕಿತ್ಸೆ ಮನೆಯಲ್ಲಿಯೇ ದೊರೆಯತೊಡಗಿತು. ಕೇರಳ 2008ರಲ್ಲಿಯೇ ಉಪಶಮನ ಆರೈಕೆಯ ನೀತಿಯನ್ನು ರೂಪಿಸಿ, ಮನೆಭೇಟಿಯ ಹೊಣೆಯನ್ನು ಸ್ಥಳೀಯ ಸಂಸ್ಥೆಗಳಿಗೆ ವಹಿಸಿತು. ಕರ್ನಾಟಕವೂ 2024ರ ಅಕ್ಟೋಬರ್‌ನಲ್ಲಿ ಕೋಲಾರ ಜಿಲ್ಲೆಯಲ್ಲಿ ‘ಗೃಹ ಆರೋಗ್ಯ’ ಯೋಜನೆಯನ್ನು ಆರಂಭಿಸಿ, 2025ರಲ್ಲಿ ಇತರ ಜಿಲ್ಲೆಗಳಿಗೆ ವಿಸ್ತರಿಸಲು ಮುಂದಾಯಿತು. ದಿಕ್ಕು ಸರಿಯಾಗಿದೆ. ಆದರೆ ಯೋಜನೆಗೂ ಹಕ್ಕಿಗೂ ಇರುವ ಅಂತರವನ್ನು ಮರೆಯಬಾರದು. ಯೋಜನೆ ಬಜೆಟ್ಟಿನೊಂದಿಗೆ ಬರುತ್ತದೆ, ಸರ್ಕಾರ ಬದಲಾದರೆ ಹೆಸರೂ ಬದಲಾಗುತ್ತದೆ, ಕೆಲವೊಮ್ಮೆ ಹೆಸರೂ ಉಳಿಯುವುದಿಲ್ಲ. ಹಕ್ಕು ಹಾಗಲ್ಲ, ಅದು ದಕ್ಕದಿದ್ದರೆ ಪ್ರಶ್ನಿಸಲು ಒಂದು ಬಾಗಿಲಿರುತ್ತದೆ.

ಆ ಬಾಗಿಲಿನ ಮಾದರಿಯೂ ನಮ್ಮಲ್ಲಿಯೇ ಇದೆ. ‘ಸಕಾಲ’ ಎಂದೇ ಪರಿಚಿತವಾದ 2011ರ ನಾಗರಿಕ ಸೇವಾ ಖಾತರಿ ಕಾಯ್ದೆಯ ಪ್ರಕಾರ ಗೊತ್ತುಪಡಿಸಿದ ಅವಧಿಯಲ್ಲಿ ಸೇವೆ ಸಿಗದಿದ್ದರೆ ಅರ್ಜಿದಾರನಿಗೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿ ಪರಿಹಾರ ಕೇಳುವ ಹಕ್ಕಿದೆ. ಮೊತ್ತ ಅತ್ಯಲ್ಪ. ಆದರೆ ವಿಳಂಬಕ್ಕೆ ಒಬ್ಬ ಅಧಿಕಾರಿ ಹೆಸರಿನಿಂದ ಹೊಣೆಗಾರನಾಗುತ್ತಾನೆ ಎಂಬುದು ಅಲ್ಪ ಸಂಗತಿಯಲ್ಲ. ಹಿರಿಯರ ಮಾಸಿಕ ಔಷಧ, ಮನೆಭೇಟಿ ಮತ್ತು ಕಣ್ಣಿನ ತಪಾಸಣೆಯನ್ನು ಇದೇ ಬಗೆಯ ಕಾಲಮಿತಿಗೆ ಒಳಪಡಿಸಬೇಕು. ಕಾನೂನು ಬರೆದರಷ್ಟೇ ಸಾಲದು ಎಂಬುದಕ್ಕೂ ನಿದರ್ಶನವಿದೆ: 2023ರ ಮಾರ್ಚ್‌ನಲ್ಲಿ ರಾಜಸ್ಥಾನ ದೇಶದಲ್ಲಿಯೇ ಮೊದಲನೆಯದಾದ ಆರೋಗ್ಯ ಹಕ್ಕು ಕಾಯ್ದೆಯನ್ನು ಅಂಗೀಕರಿಸಿತು, ಆದರೆ ಅದನ್ನು ನಡೆಸುವ ನಿಯಮಗಳು ಬಹುಕಾಲ ಹೊರಬರಲಿಲ್ಲ.

ಇಲ್ಲಿ ಒಂದು ಗಂಭೀರ ಆಕ್ಷೇಪವನ್ನು ಎದುರಿಸಲೇಬೇಕು. ತಾಯಿ ಮತ್ತು ಮಗುವಿನ ಆರೋಗ್ಯದಲ್ಲಿಯೇ ಹಿಂದುಳಿದಿರುವ ಯಾದಗಿರಿಯಲ್ಲಿ ಇರುವ ಅಲ್ಪ ಸಂಪನ್ಮೂಲವನ್ನು ಮುದುಕರಿಗೆ ಹಂಚುವುದು ಸರಿಯೇ ಎಂದು ಪ್ರಜ್ಞಾವಂತರೇ ಕೇಳುತ್ತಾರೆ. ಕೇಂದ್ರ ಸರ್ಕಾರ 2018ರಲ್ಲಿ ಗುರುತಿಸಿದ ಮಹತ್ವಾಕಾಂಕ್ಷಿ ಜಿಲ್ಲೆಗಳಲ್ಲಿ ರಾಜ್ಯದಿಂದ ಸೇರಿದ್ದು ರಾಯಚೂರು ಮತ್ತು ಯಾದಗಿರಿ ಮಾತ್ರ; ಆದುದರಿಂದ ಈ ಪ್ರಶ್ನೆಯನ್ನು ತಳ್ಳಿಹಾಕಲಾಗದು. ಆದರೆ ಗುಳೆ ಹೋದ ಮನೆಗಳಲ್ಲಿ ಆ ಮಗುವಿಗೆ ಅನ್ನ ಬೇಯಿಸಿ ಹಾಕುವವಳು ಅಜ್ಜಿಯೇ. ಆಕೆಗೆ ಕಣ್ಣು ಕಾಣದಿದ್ದರೆ, ಆಕೆ ಹಾಸಿಗೆ ಹಿಡಿದರೆ, ಮಗುವಿನ ಪೌಷ್ಟಿಕತೆಯ ಲೆಕ್ಕವೂ ತಪ್ಪುತ್ತದೆ. ಮನೆಯೊಳಗೆ ಅಜ್ಜಿ ಮತ್ತು ಮೊಮ್ಮಗು ಬೇರೆ ಬೇರೆ ಇಲಾಖೆಗಳಲ್ಲ. ಇನ್ನು, ಈ ಹೊರೆಯನ್ನೂ ಆಶಾ ಕಾರ್ಯಕರ್ತೆಯರ ಹೆಗಲಿಗೇರಿಸಿ ಕೈತೊಳೆದುಕೊಳ್ಳುವುದು ಅನ್ಯಾಯ. ಮನೆಭೇಟಿಗೆ ಪ್ರತ್ಯೇಕ ಸಂಭಾವನೆ ಇಲ್ಲದೆ ಹೊಸ ಕೆಲಸ ಕೊಡಬಾರದು.

ಹಣವಿಲ್ಲ ಎಂಬ ಮಾತನ್ನು ಈ ಭಾಗದ ಜನ ಇನ್ನು ಮುಂದೆ ಒಪ್ಪಬೇಕಿಲ್ಲ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ‘ಅತ್ಯಂತ ಹಿಂದುಳಿದ’ ಎಂದು ಗುರುತಿಸಿದ 39 ತಾಲ್ಲೂಕುಗಳಲ್ಲಿ ಯಾದಗಿರಿ, ಶಹಾಪುರ, ಸುರಪುರ ಮೂರೂ ಇದ್ದವು. ಸಂವಿಧಾನದ 98ನೇ ತಿದ್ದುಪಡಿಯ ಮೂಲಕ ಬಂದ 371 (ಜೆ) ವಿಧಿ ಈ ಪ್ರದೇಶಕ್ಕೆ ಅಭಿವೃದ್ಧಿ ಮಂಡಳಿಯನ್ನು ಕೊಟ್ಟಿತಲ್ಲದೆ, ಅದರ ಕಾರ್ಯನಿರ್ವಹಣೆಯ ವರದಿ ಪ್ರತಿವರ್ಷ ವಿಧಾನಸಭೆಯ ಮುಂದೆ ಬರಬೇಕೆಂದೂ ಹೇಳಿತು. 2023-24ರ ನಂತರದ ಬಜೆಟ್‌ಗಳಲ್ಲಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ವರ್ಷಕ್ಕೆ 5 ಸಾವಿರ ಕೋಟಿ ರೂಪಾಯಿ ಘೋಷಿಸಲಾಗಿದೆ. ಕಟ್ಟಡ, ರಸ್ತೆ, ಚರಂಡಿಗಳ ಪಟ್ಟಿಯ ನಡುವೆ ಹಿರಿಯರ ಸಂಚಾರಿ ಚಿಕಿತ್ಸಾಲಯಕ್ಕೆ ಒಂದು ಸಾಲು ಇರಬಾರದೇ? ಯಾದಗಿರಿಯಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜೂ ಇದೆ. ವೃದ್ಧರ ಆರೈಕೆಯಲ್ಲಿ ವೈದ್ಯರು, ದಾದಿಯರಿಗೆ ತರಬೇತಿ ಕೊಡಲು ಬೇರೆ ಊರನ್ನು ಹುಡುಕಬೇಕಾಗಿಲ್ಲ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇಂಥ ವಿಷಯಗಳು ನೇರವಾಗಿ ಮತಪತ್ರದ ಮೇಲೆಯೇ ಬರುತ್ತವೆ. ಡಯಾಲಿಸಿಸ್ ಕೇಂದ್ರಗಳ ನಿಯಂತ್ರಣದ ಪ್ರಸ್ತಾವವನ್ನು ಅಲ್ಲಿನ ಮತದಾರರು 2018, 2020 ಮತ್ತು 2022ರಲ್ಲಿ ಮೂರು ಬಾರಿ ಚರ್ಚಿಸಿ ತಿರಸ್ಕರಿಸಿದರು. ನಮ್ಮಲ್ಲಿ ಆ ಪದ್ಧತಿ ಇಲ್ಲ. ಆದರೆ ಗ್ರಾಮಸಭೆ ಇದೆ. ಆರು ತಿಂಗಳಿಗೊಮ್ಮೆಯಾದರೂ ಅದನ್ನು ಸೇರಿಸಬೇಕೆಂದು ರಾಜ್ಯದ ಪಂಚಾಯತ್ ರಾಜ್ ಕಾಯ್ದೆ ಹೇಳುತ್ತದೆ. ಊರಿನಲ್ಲಿ ಹಾಸಿಗೆ ಹಿಡಿದವರೆಷ್ಟು, ಮಾಸಾಶನ ನಿಂತವರೆಷ್ಟು, ಗುಳಿಗೆ ಸಿಗದವರೆಷ್ಟು ಎಂಬ ಪಟ್ಟಿ ಅಲ್ಲಿ ಓದಿ, ನಿರ್ಣಯವಾಗಿ ದಾಖಲಾಗಬೇಕು. ಅದರ ಮೇಲಿನ ಹಂತದಲ್ಲಿ ಆಗಿರುವ ಅನ್ಯಾಯವನ್ನೂ ಹೇಳಬೇಕು: 2016ರಲ್ಲಿ ಚುನಾಯಿತವಾದ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ನಂತರ ವರ್ಷಗಳ ಕಾಲ ಚುನಾವಣೆಯೇ ನಡೆಯಲಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಪ್ರಶ್ನಿಸಬೇಕಾದ ಜನಪ್ರತಿನಿಧಿಯ ಕುರ್ಚಿಯೇ ಖಾಲಿ ಉಳಿದಾಗ ವೃದ್ಧರ ಪರವಾಗಿ ದನಿಯೆತ್ತುವವರು ಯಾರು?

ನಮ್ಮ ಬೇಡಿಕೆಗಳು ದೊಡ್ಡವಲ್ಲ. 20ನೇ ಕಲಮಿಗೆ ಕಾಲಮಿತಿಯ ನಿಯಮಗಳು ಬರಲಿ. ಜೀವನಾಂಶದ ನ್ಯಾಯಮಂಡಳಿ ತಿಂಗಳಿಗೊಮ್ಮೆ ಶಹಾಪುರ ಮತ್ತು ಸುರಪುರದಲ್ಲಿ ಬೈಠಕ್ ನಡೆಸಲಿ. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಯ ಮೇಲೆ ಹಿರಿಯರ ತಪಾಸಣೆಯ ದಿನವನ್ನು ದೊಡ್ಡ ಅಕ್ಷರಗಳಲ್ಲಿ ಬರೆಯಲಿ, ಓದಲು ಬಾರದವರಿಗಾಗಿ ಡಂಗುರ ಸಾರಲಿ. ಹಾಸಿಗೆ ಹಿಡಿದವರ ಪಟ್ಟಿಯನ್ನು ಹೊಸದಾಗಿ ಮಾಡಬೇಕಾಗಿಯೂ ಇಲ್ಲ. ಮತಗಟ್ಟೆ ಅಧಿಕಾರಿಗಳು 12-ಡಿ ನಮೂನೆ ತುಂಬಿಸಿಕೊಂಡಾಗ ಆ ಮನೆಗಳ ದಾರಿಯನ್ನು ನೋಡಿದ್ದಾರೆ.

ಈ ಪುಟ ಓದುವವರಲ್ಲಿ ಅನೇಕರ ತಂದೆ-ತಾಯಿ ಇಂಥದೇ ಊರುಗಳಲ್ಲಿದ್ದಾರೆ. ಅವರ ಔಷಧವನ್ನು ಕೊರಿಯರ್ ಮೂಲಕ ಕಳುಹಿಸಲು, ಕಾರು ಕಳಿಸಿ ಕಲಬುರಗಿಗೋ ರಾಯಚೂರಿಗೋ ಕರೆಸಿಕೊಳ್ಳಲು ನಿಮಗೆ ಸಾಧ್ಯವಿದೆ. ಪಕ್ಕದ ಮನೆಯ ಮುದುಕನಿಗೆ ಅದು ಸಾಧ್ಯವಿಲ್ಲ. ಮುಂದಿನ ಚುನಾವಣೆಯಲ್ಲಿ, ಅದು ಪಂಚಾಯಿತಿಯದಾಗಲಿ ವಿಧಾನಸಭೆಯದಾಗಲಿ, ಮತ ಕೇಳಲು ಬರುವವರ ಮುಂದೆ ರಸ್ತೆ, ನೀರಿನ ಜೊತೆಗೆ ಇದೊಂದು ಪ್ರಶ್ನೆಯನ್ನೂ ಇಡಿ: ನಮ್ಮ ಊರಿನ ಆರೋಗ್ಯ ಕೇಂದ್ರದಲ್ಲಿ ಹಿರಿಯರ ತಪಾಸಣೆ ಯಾವ ದಿನ? ಉತ್ತರ ಗೊತ್ತಿಲ್ಲದ ಅಭ್ಯರ್ಥಿ, ಅದನ್ನು ತಿಳಿದುಕೊಂಡು ಬಂದ ಮೇಲೆಯೇ ಮತ ಕೇಳಲಿ.